ಹಿಂದಿರುಗಿಸಿದ ವೀಳ್ಯ

ಕಳೆದ ಶುಕ್ರವಾರ ಇಲ್ಲಿ ಕುವೈತಿನ ಫಿಂಟಾಸಿನ ದಿನಸಿ ಅಂಗಡಿಗೆ ಕಾಲಿಟ್ಟ ಕೂಡಲೇ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಊರಿಂದ ವಿಮಾನದಲ್ಲಿ ಬರುವ ವೀಳ್ಯದೆಲೆಯನ್ನು ಅಂಗಡಿಯವನು ಹಾಗೆ ಸುತ್ತಿಟ್ಟಿರುತ್ತಾನೆ. ಎಲೆಯ ಘಾಟು, ಗೋಣಿಯ ಮುಗ್ಗಲು, ಫ್ರಿಜ್ಜಿನ ತಣ್ಣನೆ ಗಾಳಿ, ಮೂರೂ ಸೇರಿದ ವಾಸನೆ. ಮನೆಯಲ್ಲಿ ಪೂಜೆ ಇತ್ತು, ಎಲೆ ತಾ ಎಂದು ಹೆಂಡತಿ ಕಳಿಸಿದ್ದಳು. ನೋಡಿದರೆ ಒಂದೇ ಕಟ್ಟು.

"ಇದೊಂದೇ ಸಾರ್ ಇರೋದು. ಮಿಕ್ಕಿದ್ದೆಲ್ಲ ನಿಮ್ಮ ಸಂಘದವರು ಎತ್ಕೊಂಡೋದ್ರು. ಎಲೆಕ್ಷನ್ ಬಂತಲ್ಲ, ಯಾರನ್ನೋ ಜಡ್ಜ್ ಮಾಡಿದ್ರಂತೆ," ಎಂದು ಅಂಗಡಿಯವನು ನಕ್ಕ.

ನನಗೆ ನಗು ಬರಲಿಲ್ಲ. ಸಂಘದ ಹಿಂದಿನ ಅಧ್ಯಕ್ಷರು ನೆನಪಾದರು.

ಅವರು ಮೈಸೂರಿನಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಕೈಮುಗಿದ ಚಿತ್ರಗಳ ರಾಶಿಯೇ ಬಿತ್ತು. ಸಂಘದ ಆಧಾರಸ್ತಂಭ ಎಂದರು, ಅಜಾತಶತ್ರು ಎಂದರು, ಒಬ್ಬರಂತೂ ನಿಷ್ಪಕ್ಷಪಾತಿ ಎಂದು ಬರೆದರು. ಸ್ಮರಣ ಸಂಚಿಕೆ ತರುತ್ತಿದ್ದೇವೆ, ಅವರನ್ನು ಹತ್ತಿರದಿಂದ ಬಲ್ಲ ನೀವೂ ನಾಲ್ಕು ಮಾತು ಬರೆಯಲೇಬೇಕು ಎಂದು ಈಗಿನ ಕಾರ್ಯದರ್ಶಿ ಕೇಳಿದ್ದರು. ಇಷ್ಟು ದಿನ ತಪ್ಪಿಸಿಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ. ಸಂಚಿಕೆಯಲ್ಲಿ ಹೊಗಳಿಕೆಗೆ ಕೊರತೆ ಇರಲಾರದು, ಅದನ್ನು ನಾನು ಹೆಚ್ಚಿಸುವುದಿಲ್ಲ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ನಾನು ತುಮಕೂರಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯ ಮಗ. ಹಗಲು ಟೈಪಿಂಗ್ ಮಾಡಿ, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ, ಆಮೇಲೆ ಎಲ್‌ಎಲ್.ಬಿ. ಮುಗಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಕಾಗದ ಕೈಯಲ್ಲಿ ಹಿಡಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಒಮ್ಮೆ ಯಾವುದೋ ಜಗಳಕ್ಕೆ ಸಾಕ್ಷಿಯಾಗಿ ಕೋರ್ಟಿಗೆ ಹೋಗಿ, ಇಡೀ ದಿನ ವರಾಂಡದಲ್ಲಿ ನಿಂತು, ಮುಂದಿನ ತಾರೀಖಿಗೆ ಬಾ ಎನ್ನಿಸಿಕೊಂಡು ವಾಪಸ್ ಬಂದಿದ್ದರು. ಆ ವರಾಂಡ ದಾಟಿ ಒಳಗೆ ಹೋಗಿ ಕೂರಬೇಕು ಅಂತ ನಾನು ಓದಿದ್ದು. ಆದರೆ ಕರಿಕೋಟು ಹೊಟ್ಟೆಗೆ ಆಗಲಿಲ್ಲ. ತಂಗಿಯರ ಮದುವೆ ಇತ್ತು. ಕುವೈತಿಗೆ ಬಂದೆ. ಮೀನಾ ಅಬ್ದುಲ್ಲಾ ಎಂಬ ಊರಿನ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಗುಮಾಸ್ತನ ಕೆಲಸ, ಕ್ಯಾಂಪಿನ ಕೋಣೆಯಲ್ಲಿ ಎಂಟು ಜನ. ಎಲ್‌ಎಲ್.ಬಿ. ಸರ್ಟಿಫಿಕೇಟ್ ಸೂಟ್‌ಕೇಸಿನ ತಳದಲ್ಲಿ ಬಟ್ಟೆಯ ಕೆಳಗೆ ಬಿದ್ದಿತ್ತು.

ಅಧ್ಯಕ್ಷರು ಪರಿಚಯವಾದದ್ದು ಆ ಕಾಲದಲ್ಲಿ. ಆಗಿನ್ನೂ ಅವರು ಸಂಘದ ಅಧ್ಯಕ್ಷರಾಗಿರಲಿಲ್ಲ. ರಿಫೈನರಿಯಲ್ಲಿ ದೊಡ್ಡ ಎಂಜಿನಿಯರು. ಮೈಸೂರಿನ ಕಡೆಯ ಮೆದು ಮಾತು, ಇಸ್ತ್ರಿ ಮುರಿಯದ ಅಂಗಿ. ನಮ್ಮ ಕಂಪನಿ ಸಂಬಳ ನಿಲ್ಲಿಸಿ, ವೀಸಾ ಕೊಡಿಸಿದ ಧಣಿ, ಅಂದರೆ ಕಫೀಲ್, ವಾಸದ ಪರವಾನಗಿಯಾದ ಇಕಾಮಾವನ್ನು ನವೀಕರಿಸದೆ ಸತಾಯಿಸುತ್ತಿದ್ದಾಗ ನನ್ನನ್ನು ಅಲ್ಲಿಂದ ಬಿಡಿಸಿ ಹೊರಗೆ ತಂದವರು ಅವರು. ಅವರಿಗೆ ಗೊತ್ತಿದ್ದ ಕಂಪನಿಯ ಅಧಿಕಾರಿಗೆ ಫೋನ್ ಮಾಡಿ, ವೀಸಾ ಬದಲಾಯಿಸಲು ಕಫೀಲನ ಕೈಯಿಂದ ರಿಲೀಸ್ ಬರೆಸಿಕೊಂಡು, ಕಾಂಟ್ರಾಕ್ಟ್ ವಿಭಾಗದಲ್ಲಿ ಕುರ್ಚಿ ಕೊಡಿಸಿದರು. ಈ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಆಗಿದ್ದರೆ ಅವರನ್ನು ಬೈಯುವುದು ಎಷ್ಟು ಸುಲಭವಾಗಿರುತ್ತಿತ್ತು…

ಕೆಲಸ ಸಿಕ್ಕ ವಾರ ಸಂಘದ ಸದಸ್ಯತ್ವದ ಅರ್ಜಿಯನ್ನೂ ಅವರೇ ತಂದರು. ನನ್ನ ಓದಿನ ಬಗ್ಗೆ ಕೇಳಿದರು. ಹೇಳಿದೆ. ಆ ಕ್ಷಣದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಹಬ್ಬದ ಊಟದಲ್ಲಿ ಇರಲಿ, ಪಾರ್ಕಿಂಗ್ ಜಾಗದಲ್ಲಿ ಇರಲಿ, "ಏನ್ ವಕೀಲರೇ" ಎಂದೇ ಕೂಗುತ್ತಿದ್ದರು. ಪಕ್ಕದವರು ತಮಾಷೆ ಎಂದು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಈ ದೇಶದಲ್ಲಿ ನನ್ನ ಆ ಕಾಗದಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ.

ಸಂಘದಲ್ಲಿ ಒಂದು ನ್ಯಾಯ ಮಂಡಳಿ ಇದೆ. ಮೂರು ಜನ. ಮತದಾರರ ಪಟ್ಟಿ, ಚುನಾವಣೆ, ಸದಸ್ಯತ್ವ ಇವುಗಳ ಬಗ್ಗೆ ತಕರಾರು ಬಂದರೆ ಅವರು ಹೇಳಿದ್ದೇ ಕೊನೆ ಮಾತು. ಅವರನ್ನು ನೇಮಿಸುವುದು ಕಾರ್ಯಕಾರಿ ಸಮಿತಿ. ನೇಮಿಸಿದ ಮೇಲೆ ಅಧ್ಯಕ್ಷರು ಅವರ ಮನೆಗೆ ಹೋಗಿ ತಟ್ಟೆಯಲ್ಲಿ ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ ಇಟ್ಟು ಕೊಡುವುದು ರೂಢಿ. ಇನ್ನೊಂದು ರೂಢಿಯೂ ಇತ್ತು, ಬರೆದಿಟ್ಟದ್ದಲ್ಲ: ಚುನಾವಣೆ ಎರಡು ತಿಂಗಳೊಳಗೆ ಇದ್ದರೆ ಮಂಡಳಿಯ ಖಾಲಿ ಜಾಗ ತುಂಬುವುದಿಲ್ಲ. ಗೆದ್ದು ಬಂದ ಹೊಸ ಸಮಿತಿ ತುಂಬಿಕೊಳ್ಳಲಿ ಎಂದು ಹಾಗೇ ಬಿಡುತ್ತಿದ್ದರು.

ಈ ರೂಢಿಯ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಭಾಷಣ ಅವರದ್ದೇ. ಅವರು ಅಧ್ಯಕ್ಷರಾಗುವುದಕ್ಕೆ ಮುಂಚಿನ ಮಾತು. ಹಳೆಯ ಸಮಿತಿಯವರು ಚುನಾವಣೆಯ ಹೊಸ್ತಿಲಲ್ಲಿ ತಮ್ಮ ಕಡೆಯವರೊಬ್ಬರನ್ನು ಮಂಡಳಿಗೆ ಸೇರಿಸಲು ನೋಡಿದಾಗ ಇವರು ಎದ್ದು ನಿಂತು, "ಸ್ವಾಮೀ, ಆಟ ಶುರುವಾಗೋ ಹೊತ್ತಲ್ಲಿ ಅಂಪೈರ್‌ನ ನೀವೇ ಕರ್ಕೊಂಡು ಬರ್ತೀನಿ ಅಂದ್ರೆ ನಾವ್ಯಾಕೆ ಆಡಬೇಕು? ಬ್ಯಾಟು ನಿಮ್ಮದೇ, ಮನೆಗೆ ತಗೊಂಡೋಗಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಜಾಗ ಖಾಲಿ ಉಳಿಯಿತು. ಆ ಚುನಾವಣೆಯಲ್ಲಿ ಅವರು ಗೆದ್ದರು. ಸಭೆಯ ನಡಾವಳಿ ಬರೆದವನು ನಾನು. ಒಂದಕ್ಷರ ಬಿಡದೆ ಬರೆದಿದ್ದೆ.

ಮೂರು ವರ್ಷ ಕಳೆಯಿತು. ಮತ್ತೆ ಚುನಾವಣೆ. ಈ ಸಲ ಅವರಿಗೆ ಎದುರಾಗಿ ನಿಂತವರು ಮಂಗಳೂರು ಕಡೆಯ ಒಬ್ಬರು ನರ್ಸು. ಕುವೈತಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು, ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆ ವರ್ಷದ ಆರಂಭದಲ್ಲಿ ವಫ್ರಾದ ತೋಟವೊಂದರಲ್ಲಿ ಸೌತೆಕಾಯಿ ಬೆಳೆಯುವ ಕೆಲಸಕ್ಕಿದ್ದ ನಮ್ಮವನೊಬ್ಬ ಸತ್ತಿದ್ದ. ಹೆಣ ಊರಿಗೆ ಕಳಿಸುವ ಕಾಗದ ಮಾಡಿಸುವವರಿಲ್ಲದೆ ಶವಾಗಾರದಲ್ಲಿ ವಾರಗಟ್ಟಲೆ ಬಿದ್ದಿತ್ತು. ಸಂಘವನ್ನು ಕೇಳಿದರೆ, ಅವನು ಸದಸ್ಯನಲ್ಲ, ಸಹಾಯ ಸದಸ್ಯರಿಗೆ ಮಾತ್ರ ಎಂಬ ಉತ್ತರ ಬಂತು. ಕೊನೆಗೆ ಸಿಸ್ಟರೇ ರಜೆ ಹಾಕಿ ಓಡಾಡಿ ಕಳಿಸಿದರು. ಅದಾದ ಮೇಲೆ ಒಂದು ಶುಕ್ರವಾರ ಆಗಿನ ಕಾರ್ಯದರ್ಶಿಯನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ವಫ್ರಾಕ್ಕೆ ಹೋಗಿ, ಅಲ್ಲಿಯ ನಲವತ್ತು ಚಿಲ್ಲರೆ ಕೆಲಸಗಾರರಿಂದ ಸದಸ್ಯತ್ವದ ಅರ್ಜಿ ಬರೆಸಿ ತಂದರು. ಮುಂದೆ ಯಾರಾದರೂ ಕಾಯಿಲೆ ಬಿದ್ದರೆ, ಸತ್ತರೆ, ಸಂಘ ನಮಗಾಗುವುದಿಲ್ಲ ಎನ್ನುವ ಹಾಗಿಲ್ಲ.

ಆ ನಲವತ್ತು ಚಿಲ್ಲರೆ ಮತಗಳು ಯಾರಿಗೆ ಬೀಳುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಚುನಾವಣೆಗೆ ಐದು ವಾರ ಇರುವಾಗ ಎರಡು ಸಂಗತಿ ಒಟ್ಟಿಗೆ ನಡೆದವು. ವಫ್ರಾದ ಅರ್ಜಿಗಳು ಊರ್ಜಿತವಲ್ಲ ಎಂದು ಅಧ್ಯಕ್ಷರ ಕಡೆಯವರೊಬ್ಬರು ತಕರಾರು ಕೊಟ್ಟರು. ಅರ್ಜಿದಾರ ಸಂಘದ ಕಚೇರಿಯಲ್ಲಿ, ಕಾರ್ಯದರ್ಶಿಯ ಎದುರು ಸಹಿ ಮಾಡತಕ್ಕದ್ದು ಎಂದು ನಿಯಮ ಇದೆ, ಇವರು ತೋಟದಲ್ಲಿ ಸಹಿ ಮಾಡಿದ್ದಾರೆ ಎಂಬುದು ತಕರಾರು. ಅದೇ ವಾರ ನ್ಯಾಯ ಮಂಡಳಿಯ ಹಿರಿಯ ಸದಸ್ಯರಾಗಿದ್ದ ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೊರಟುಬಿಟ್ಟರು. ಉಳಿದ ಇಬ್ಬರಲ್ಲಿ ಡಾಕ್ಟರು ಅಧ್ಯಕ್ಷರ ಸ್ನೇಹಿತರು, ಬ್ಯಾಂಕಿನವರು ಸಿಸ್ಟರ್ ಕಡೆ. ಮೂರನೆಯ ಕುರ್ಚಿಯಲ್ಲಿ ಕೂತವನ ಮಾತೇ ತೀರ್ಪು.

ರೂಢಿಯ ಪ್ರಕಾರ ಆ ಕುರ್ಚಿ ಖಾಲಿ ಇರಬೇಕಿತ್ತು. ಇಬ್ಬರೂ ಒಮ್ಮತಕ್ಕೆ ಬರದಿದ್ದರೆ ತಕರಾರು ಬಿದ್ದುಹೋಗಿ ವಫ್ರಾದವರು ಪಟ್ಟಿಯಲ್ಲಿ ಉಳಿಯುತ್ತಿದ್ದರು. ಅಧ್ಯಕ್ಷರು ಸಮಿತಿ ಸಭೆ ಕರೆದರು. ರೂಢಿ ಎಲ್ಲಿ ಬರೆದಿದೆ ತೋರಿಸಿ ಎಂದರು. ಹತ್ತು ನಿಮಿಷದಲ್ಲಿ ನನ್ನ ಹೆಸರು ಪಾಸಾಯಿತು.

ಮರುದಿನ ಸಂಜೆ ತಟ್ಟೆ ಹಿಡಿದು ನಮ್ಮ ಮನೆಗೆ ಬಂದರು. ಜರಿ ಅಂಚಿನ ಶಾಲು, ಕಾಯಿ, ಬಾಳೆಹಣ್ಣು, ಎಣಿಸಿ ಜೋಡಿಸಿದ ವೀಳ್ಯದೆಲೆ. ಹೆಂಡತಿ ಸಡಗರದಿಂದ ಒಳಗಿನಿಂದ ಕುಂಕುಮದ ಬಟ್ಟಲು ತಂದಳು. ಸೂಟ್‌ಕೇಸಿನ ತಳದಲ್ಲಿದ್ದ ಆ ಕಾಗದ, ಅಪ್ಪ ನಿಂತ ವರಾಂಡ… ನ್ಯಾಯ ಹೇಳು ಎಂದು ಒಬ್ಬರು ನನ್ನ ಮನೆ ಬಾಗಿಲಿಗೆ ಬಂದಿದ್ದರು.

ಆದರೂ ನನಗೆ ಬುದ್ಧಿ ಇರಲಿಲ್ಲವೆಂದಲ್ಲ. ನಮ್ಮ ಕಡೆ ವೀಳ್ಯ ಹಿಡಿದರೆ ಕೊಟ್ಟವರ ಕೆಲಸಕ್ಕೆ ಒಪ್ಪಿದ ಹಾಗೆ. ವಿಚಾರಣೆ ಎದುರಿಗೆ ಇಟ್ಟುಕೊಂಡು ಒಂದು ಪಕ್ಷದವರ ಕೈಯಿಂದ ಎಲೆ ತೆಗೆದುಕೊಳ್ಳುವುದು ಸರಿಯೇ? ಎದ್ದು ನಿಂತು ಕೈಮುಗಿದೆ.

"ಸಾರ್, ಕುರ್ಚಿ ಒಪ್ಕೋತೀನಿ. ಈ ತಟ್ಟೆ ಮಾತ್ರ ಬೇಡ. ತೀರ್ಪು ಆಗೋವರೆಗೆ ನಿಮ್ಮಿಂದ ನಾನೇನೂ ಮುಟ್ಟಬಾರದು."

ಹೆಂಡತಿಯ ಮುಖ ಸಪ್ಪಗಾಯಿತು. ಮನೆಗೆ ಬಂದ ವೀಳ್ಯವನ್ನು ತಿರುಗಿಸುವುದೆಂದರೆ ಏನು! ಅಧ್ಯಕ್ಷರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ತಟ್ಟೆಯ ಮೇಲೆ ಶಾಲು ಮುಚ್ಚಿ, "ಅದಕ್ಕೇ ವಕೀಲರೇ, ನಿಮ್ಮನ್ನ ಆರಿಸಿದ್ದು" ಎಂದು ಎದ್ದು ಹೋದರು. ತಕರಾರಿನ ಬಗ್ಗೆ ಒಂದು ಮಾತು ಆಡಲಿಲ್ಲ. ಆಮೇಲೂ ಆಡಲಿಲ್ಲ, ಸನ್ನೆ ಮಾಡಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಸಂಘದ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಎಲೆ ವಾಪಸ್ ಮಾಡಿದನಂತೆ, ಭಾರೀ ಕಟ್ಟುನಿಟ್ಟಿನ ಮನುಷ್ಯ. ಸಿಸ್ಟರ್ ಕೂಡ ಫೋನ್ ಮಾಡಿ, "ಒಳ್ಳೇದು ಮಾಡಿದ್ರಿ ಮಾರಾಯ್ರೆ, ಈಗ ನನಗೆ ಧೈರ್ಯ ಬಂತು" ಎಂದರು.

ವಿಚಾರಣೆ ಶುಕ್ರವಾರ ಬೆಳಿಗ್ಗೆ, ಸಂಘ ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯಲ್ಲಿ. ಅಧ್ಯಕ್ಷರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಿಸ್ಟರ್ ನಿಂತುಕೊಂಡೇ ವಾದ ಮಾಡಿದರು.

"ಎಂತ ಹೇಳುವುದು ನಿಮಗೆ? ಕಾರ್ಯದರ್ಶಿ ಎದುರೇ ಸಹಿ ಆಗಿದೆ. ಸಿವಿಲ್ ಐಡಿ ನೋಡಿದ್ದಾರೆ. ನರ್ಸು ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟರೆ ಅದು ಇಂಜೆಕ್ಷನ್ ಅಲ್ವಾ? ಆಸ್ಪತ್ರೆಯಲ್ಲಿ ಚುಚ್ಚಿದರೆ ಮಾತ್ರ ಔಷಧಿ ಏರುವುದಾ?"

ಕೋಣೆ ನಕ್ಕಿತು. ಡಾಕ್ಟರೂ ನಕ್ಕರು. ನಾನು ನಗಲಿಲ್ಲ. ನಿಯಮದ ಪುಸ್ತಕ ಎದುರಿಗೆ ಬಿಚ್ಚಿಟ್ಟುಕೊಂಡಿದ್ದೆ.

ವಫ್ರಾದಿಂದ ಒಬ್ಬನೇ ಬಂದಿದ್ದ, ಉಳಿದವರಿಗೆ ರಜೆ ಸಿಕ್ಕಿರಲಿಲ್ಲ. ಕೊಪ್ಪಳದ ಕಡೆಯವನು, ನನ್ನದೇ ವಯಸ್ಸು ಇರಬಹುದು. ತರಕಾರಿ ಲಾರಿಯವನನ್ನು ಕಾಡಿಬೇಡಿ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದನಂತೆ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದು ನಿಂತ. ಕೂರಲು ಹೇಳಿದರೂ ಕೂರಲಿಲ್ಲ.

"ಸಾಹೇಬ್ರ, ನಮ್ಮ ಕಡೆ ಬಸ್ ಬರಂಗಿಲ್ರಿ. ಕಫೀಲ್ ಬಿಟ್ರ ಹೊರಗ ಬರ್ತೀವಿ, ಇಲ್ಲಂದ್ರ ಇಲ್ಲ. ವೋಟಿಂದು ಹೆಂಗರ ಆಗಲ್ರಿ. ಮೊನ್ನೆ ನಮ್ಮವ ಒಬ್ಬ ಸತ್ತು ಐಸ್‌ನ್ಯಾಗ ಬಿದ್ದಿದ್ನಲ್ಲ, ಹಂಗ ನಾವು ಬೀಳಬಾರದ್ರಿ. ಅದಕ್ಕ ಸಹಿ ಮಾಡೀವಿ."

ನಾನು ನಿಯಮ ಓದಿ ಹೇಳಿದೆ. ಸಂಘದ ಕಚೇರಿಯಲ್ಲಿ ಎಂದಿದೆ, ನೀವು ಮಾಡಿದ್ದು ತೋಟದಲ್ಲಿ, ಹೌದೋ ಅಲ್ಲವೋ?

"ಹೌದ್ರಿ," ಎಂದ. "ತಪ್ಪು ತಿಳ್ಕೋಬ್ಯಾಡ್ರಿ, ಒಂದು ಕೇಳ್ತೀನಿ. ನೀವು ಎಲ್ಲಿ ಸಹಿ ಮಾಡಿದ್ರಿ?"

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಾನು ಸಹಿ ಮಾಡಿದ್ದು ಮೀನಾ ಅಬ್ದುಲ್ಲಾದ ಕ್ಯಾಂಪಿನ ಮುಂದೆ, ಅಧ್ಯಕ್ಷರ ಕಾರಿನ ಬಾನೆಟ್ಟಿನ ಮೇಲೆ. ಮಧ್ಯಾಹ್ನದ ಬಿಸಿಗಾಳಿಗೆ ಅರ್ಜಿ ಹಾರಿಹೋಗುತ್ತಿತ್ತು. ಅವರು ತಮ್ಮ ಅಂಗೈಯಿಂದ ಕಾಗದವನ್ನು ಕಾದ ತಗಡಿನ ಮೇಲೆ ಒತ್ತಿ ಹಿಡಿದಿದ್ದರು. "ಬೇಗ ಹಾಕಿ ವಕೀಲರೇ, ಕೈ ಸುಡ್ತಿದೆ" ಎಂದಿದ್ದರು. ಕಾರ್ಯದರ್ಶಿ ಆ ಸುತ್ತಮುತ್ತ ಎಲ್ಲೂ ಇರಲಿಲ್ಲ. ನಾನೊಬ್ಬನೇ ಅಲ್ಲ, ಅರ್ಧ ಸಂಘ ಹಾಗೆಯೇ ಸೇರಿದ್ದು. ಹುಟ್ಟುಹಬ್ಬದ ಪಾರ್ಟಿಯಲ್ಲಿ, ಹಬ್ಬದ ಊಟದ ಪಂಕ್ತಿಯಲ್ಲಿ ಸಹಿ ಹಾಕಿದವರಿದ್ದಾರೆ. ಕಚೇರಿ ಎಲ್ಲಿದೆ ಎಂದೇ ಗೊತ್ತಿಲ್ಲದ ಸದಸ್ಯರಿದ್ದಾರೆ.

ಅದೆಲ್ಲ ಆ ಗಳಿಗೆ ನನಗೆ ನೆನಪಾಗದೆ ಇರಲಿಲ್ಲ. ಕತ್ತೆತ್ತಿ ಹಿಂದಿನ ಸಾಲು ನೋಡಿದೆ. ಅಧ್ಯಕ್ಷರು ಕನ್ನಡಕ ಒರೆಸುತ್ತಿದ್ದರು.

"ಅದು ಇಲ್ಲಿನ ವಿಷಯ ಅಲ್ಲ," ಎಂದೆ.

ಕಾನೂನಿನ ಪ್ರಕಾರ ಆ ಮಾತು ತಪ್ಪಲ್ಲ. ನನ್ನ ಅರ್ಜಿಯ ಮೇಲೆ ಯಾರೂ ತಕರಾರು ಕೊಟ್ಟಿರಲಿಲ್ಲ. ಸಾಲಿನಲ್ಲಿ ನಿಂತು, ಒಂದು ಅಂಕ ಕಡಿಮೆ ಬಿದ್ದರೆ ಮತ್ತೆ ಪರೀಕ್ಷೆ ಕಟ್ಟಿ, ಒಂದು ಸೀಲು ಇಲ್ಲದ್ದಕ್ಕೆ ಮೂರು ಸಲ ಯೂನಿವರ್ಸಿಟಿಗೆ ಅಲೆದು ಡಿಗ್ರಿ ತಂದವನು ನಾನು. ನಿಯಮ ನನಗೆ ಯಾವತ್ತೂ ಸಡಿಲವಾಗಿರಲಿಲ್ಲ. ಬೇರೆಯವರಿಗೆ ಯಾಕೆ ಸಡಿಲವಾಗಬೇಕು ಎಂಬ ಹಟವೊಂದು ನನ್ನೊಳಗೆ ಮೊದಲಿಂದಲೂ ಇತ್ತು. ಅದನ್ನೇ ನ್ಯಾಯ ಎಂದುಕೊಂಡಿದ್ದೆ.

ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ವಫ್ರಾದ ಅಷ್ಟೂ ಹೆಸರು ಪಟ್ಟಿಯಿಂದ ಹೋಯಿತು. ತೀರ್ಪನ್ನು ನಾನೇ ಬರೆದೆ, ನಾಲ್ಕು ಪುಟ, ಅಚ್ಚುಕಟ್ಟಾದ ಕನ್ನಡದಲ್ಲಿ. ಬರೆಯುವಾಗ ಸಂತೋಷಪಟ್ಟಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಕೊಪ್ಪಳದವನು ಜಗಳವಾಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿ, "ಇರಲಿ ಬಿಡ್ರಿ. ನೀವು ಓದಿದವ್ರು, ನಿಮಗ ಗೊತ್ತಿರತೈತಿ" ಎಂದ. ಕುಟುಕಿ ಹೇಳಿದನೋ, ನಂಬಿ ಹೇಳಿದನೋ… ಕುಟುಕಿದ್ದೇ ಆಗಿರಲಿ ಎಂದು ಇವತ್ತಿಗೂ ಹಾರೈಸುತ್ತೇನೆ.

ಅಧ್ಯಕ್ಷರು ಗೆದ್ದರು. ವಫ್ರಾದವರಲ್ಲಿ ಅರ್ಧ ಜನ ಮತ ಹಾಕಿದ್ದರೂ ಸಿಸ್ಟರ್ ಗೆಲ್ಲುತ್ತಿದ್ದರು, ಅಂತರ ಅಷ್ಟು ಸಣ್ಣದು. ತೀರ್ಪು ಪಕ್ಷಪಾತದ್ದು ಎಂದು ಯಾರೋ ಗೊಣಗಿದರೆ, "ಎಲೆ ವಾಪಸ್ ಮಾಡಿದ ಮನುಷ್ಯನ ಮೇಲೆ ಅನುಮಾನ ಪಡ್ತೀರಾ?" ಎಂದು ಉಳಿದವರು ಬಾಯಿ ಮುಚ್ಚಿಸುತ್ತಿದ್ದರು. ನನಗೂ ಅದನ್ನು ಕೇಳಿ ಹೆಮ್ಮೆಯೇ ಆಗುತ್ತಿತ್ತು. ಸಿಸ್ಟರ್ ಮಾತ್ರ ಎದುರು ಸಿಕ್ಕಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ವಫ್ರಾದವರು ಸಂಘದ ಕಡೆ ಮತ್ತೆ ಮುಖ ಹಾಕಲಿಲ್ಲ. ಬಾ ಎಂದು ಕರೆದವರೂ ಇಲ್ಲ.

ಅವಧಿ ಮುಗಿಸಿ, ಕೆಲಸದಿಂದಲೂ ನಿವೃತ್ತರಾಗಿ ಅಧ್ಯಕ್ಷರು ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ನಾನೇ. ಸಾಮಾನು ತೂಕಕ್ಕೆ ಹಾಕಿ, ಕಾಫಿ ಹಿಡಿದು ಕೂತಿದ್ದೆವು. ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿಬಿಟ್ಟೆ. ಆ ದಿನ ನಾನು ತಟ್ಟೆ ಹಿಂದಕ್ಕೆ ಕೊಟ್ಟಾಗ ನಿಮಗೆ ಬೇಜಾರಾಗಲಿಲ್ವಾ ಸಾರ್?

ಅವರು ಮನಸ್ಸು ಬಿಚ್ಚಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಬೇಜಾರಾ? ನೀವು ಎಲೆ ತಗೊಂಡಿದ್ರೆ ನಾನು ಬೇರೆಯವರನ್ನ ಹುಡುಕಬೇಕಾಗ್ತಿತ್ತು ವಕೀಲರೇ. ತಗೊಂಡೋರ ಮಾತನ್ನ ಯಾರು ನಂಬ್ತಾರೆ? ನಿಮಗೆ ಏನೂ ಹೇಳಬೇಕಾಗಿಯೇ ಇರಲಿಲ್ಲ. ಪುಸ್ತಕ ಮುಂದಿಟ್ಟರೆ ನೀವು ಏನು ಓದ್ತೀರಿ ಅಂತ ನನಗೆ ಗೊತ್ತಿತ್ತು."

ಇಷ್ಟು ಹೇಳಿ ನನ್ನ ಭುಜ ತಟ್ಟಿದರು. ಹೊಗಳಿಕೆ ಎಂದೇ ಹೇಳಿದ್ದು, ಅದು ಇನ್ನೂ ಕೆಟ್ಟದ್ದು. ನನ್ನ ಇಕಾಮಾ ಉಳಿಸಿದ ಋಣಕ್ಕಾಗಿ ಅವರು ನನ್ನನ್ನು ಆರಿಸಿದ್ದರೆ ಕ್ಷಮಿಸುತ್ತಿದ್ದೆನೇನೋ. ಅವರು ಬಳಸಿಕೊಂಡದ್ದು ನನ್ನ ಪ್ರಾಮಾಣಿಕತೆಯನ್ನು. ಸಂಜೆ ಕಾಲೇಜಿನಲ್ಲಿ ನಿದ್ದೆಗೆಟ್ಟು ಸಂಪಾದಿಸಿದ್ದು ಅದೊಂದೇ ಆಗಿತ್ತು. ಅದರ ಅಳತೆ ತೆಗೆದು, ತಮ್ಮ ಬೀಗಕ್ಕೆ ಸರಿಯಾದ ಕೀಲಿಯ ಹಾಗೆ ತಿರುಗಿಸಿದ್ದರು.

ಆಮೇಲೆ ಅವರು ಪ್ರತಿ ಗಣೇಶ ಹಬ್ಬಕ್ಕೆ ಮೈಸೂರಿನಿಂದ ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ಕಳೆದ ವರ್ಷವೂ ಬಂದಿತ್ತು. ಫೋನು ಟೀಪಾಯಿಯ ಮೇಲೆ ಕುಣಿದು ಕುಣಿದು ನಿಂತಿತು. ಸತ್ತಿದ್ದಾರೆ ಎಂದು ಈಗ ನನ್ನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ಶುಕ್ರವಾರ ಎಲೆಯ ಕಟ್ಟು ಹಿಡಿದು ಮನೆಗೆ ಬಂದು ವಾಟ್ಸಾಪ್ ತೆಗೆದೆ. ಅಂಗಡಿಯವನು ಹೇಳಿದ್ದು ನಿಜ. ಚುನಾವಣೆಗೆ ಇನ್ನು ನಾಲ್ಕು ವಾರ, ನ್ಯಾಯ ಮಂಡಳಿಯ ಒಂದು ಖಾಲಿ ಜಾಗ ತುಂಬಿದ್ದಾರೆ. ಹೀಗೆ ತುಂಬುವುದೇ ಈಗ ರೂಢಿ. ಅಧ್ಯಕ್ಷರು ಹಾಕಿಕೊಟ್ಟ ದಾರಿ ಎನ್ನುತ್ತಾರೆ. ಈ ಸಲ ಆರಿಸಿರುವುದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯನ್ನು. ಅವರ ಮನೆಯಲ್ಲಿ ಅವಳೇ ಮೊದಲ ಪದವೀಧರೆಯಂತೆ. ತಟ್ಟೆ ಹಿಂದಕ್ಕೆ ಕಳಿಸಿದಳಂತೆ. ಗುಂಪಿನ ತುಂಬ ಚಪ್ಪಾಳೆಯ ಚಿತ್ರಗಳು.

ಮತದಾರರ ಪಟ್ಟಿಯನ್ನೂ ಕೆಳಗೆ ಹಾಕಿದ್ದರು. ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ವಫ್ರಾದ ವಿಳಾಸ ಒಂದೂ ಇಲ್ಲ.

ಬಹಳ ಹೊತ್ತು ಕೂತಿದ್ದು, ಗುಂಪಿನಲ್ಲಿ ಒಂದೇ ಸಾಲು ಬರೆದೆ: "ನೀವೆಲ್ಲ ಎಲ್ಲಿ ಸಹಿ ಮಾಡಿದ್ರಿ?"

ಎಲ್ಲರೂ ಓದಿದರು. ಸ್ವಲ್ಪ ಹೊತ್ತಿಗೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕ್ ಬಂದು ನನ್ನ ಸಾಲು ಮೇಲೆ ಸರಿಯಿತು.

ಅಧ್ಯಕ್ಷರಿದ್ದಿದ್ದರೆ ತಕ್ಷಣ ಫೋನ್ ಬರುತ್ತಿತ್ತು. ಅರ್ಥವಾಗುತ್ತಿದ್ದುದು ಅವರೊಬ್ಬರಿಗೆ. "ಏನ್ ವಕೀಲರೇ…" ಎಂದು ಶುರುಮಾಡುತ್ತಿದ್ದರು. ಈ ಸಲ ಎತ್ತುತ್ತಿದ್ದೆ, ಎತ್ತಿ ಚೆನ್ನಾಗಿ ಬೈಯುತ್ತಿದ್ದೆ. ಈ ದೇಶದಲ್ಲಿ ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಇಲ್ಲ. ಕಾದ ಬಾನೆಟ್ಟಿನ ಮೇಲೆ ನನ್ನ ಕಾಗದವನ್ನು ಹಿಡಿದ ಅಂಗೈಯೂ ಇಲ್ಲ. ನಾನು ಎಲ್ಲಿ ಸಹಿ ಮಾಡಿದೆ ಎನ್ನುವುದಕ್ಕೆ ಇದ್ದ ಒಬ್ಬರೇ ಸಾಕ್ಷಿ ಹೊರಟುಹೋದರು. ಇನ್ನು ನಾನಾಗಿ ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿಲ್ಲ.